ಇಪ್ಪತ್ಮೂರು ಖಾಲಿ ಚೌಕಗಳು

ನನ್ನನ್ನು ಮೊದಲ ಸಲ ನೋಡಿದವರು ಗಡ್ಡ ಹೆರೆಯುವ ಯಂತ್ರ ಎಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಮುಷ್ಟಿಯೊಳಗೆ ಹಿಡಿಸುವ ಗಾತ್ರ, ಬೂದು ಬಣ್ಣದ ಮೈ, ಮೊಂಡು ಮೂತಿ, ಹಿಂದೆ ಬಾಲದಂಥ ಉದ್ದನೆಯ ವೈರು. ಆದರೆ ನನಗೂ ಗಡ್ಡಕ್ಕೂ ಯಾವ ಸಂಬಂಧವೂ ಇಲ್ಲ. ನಾನು ಎಕೋ ಯಂತ್ರದ ಪ್ರೋಬ್. ಮನುಷ್ಯರ ಎದೆಯ ಮೇಲೆ ಮೂತಿಯಿಟ್ಟು, ಒಳಗೆ ಹೃದಯ ಹೇಗೆ ಬಡಿಯುತ್ತಿದೆ ಎಂದು ನೋಡಿ ಪರದೆಯ ಮೇಲೆ ತೋರಿಸುವುದು ನನ್ನ ಕೆಲಸ. ನೋಡುವುದು ಎಂದೆ, ನಿಜ ಹೇಳಬೇಕೆಂದರೆ ನನಗೆ ಕಣ್ಣಿಲ್ಲ. ನಾನು ಕೂಗು ಹಾಕುತ್ತೇನೆ, ಆಮೇಲೆ ಕಿವಿಗೊಟ್ಟು ಕೇಳುತ್ತೇನೆ. ನನ್ನ ಕೂಗು ಮನುಷ್ಯರ ಕಿವಿಗೆ ನಿಲುಕದಂಥದ್ದು. ಅದು ಎದೆಯೊಳಗೆ ಹೊಕ್ಕು, ಹೃದಯದ ಗೋಡೆಗೆ ಬಡಿದು, ನನ್ನ ಬಳಿಗೇ ಮರಳುತ್ತದೆ. ಆ ಮರುದನಿಯನ್ನೇ ಯಂತ್ರ ಚಿತ್ರವಾಗಿ ಬಿಡಿಸುತ್ತದೆ.

ನಾನು ಹುಟ್ಟಿದ್ದು ದೂರದ ದೇಶದಲ್ಲಿ, ಧೂಳಿನ ಮುಖವನ್ನೇ ಕಾಣದ ಒಂದು ಕಾರ್ಖಾನೆಯಲ್ಲಿ. ಮುಖ ಮುಚ್ಚಿಕೊಂಡ ಒಬ್ಬ ಹೆಂಗಸು ಸಣ್ಣದೊಂದು ಸ್ಫಟಿಕದ ಬಿಲ್ಲೆಯನ್ನು ಕೂದಲೆಳೆಯಷ್ಟು ಪಟ್ಟಿಗಳಾಗಿ ಕೊಯ್ದು ನನ್ನ ಮೂತಿಯಲ್ಲಿ ಸಾಲಾಗಿ ಕೂರಿಸಿದಳು. ಆ ಸ್ಫಟಿಕಕ್ಕೆ ಒಂದು ಗುಣವಿದೆ. ವಿದ್ಯುತ್ ಕೊಟ್ಟರೆ ಅದು ನಡುಗುತ್ತದೆ. ಆ ನಡುಕವೇ ನನ್ನ ಕೂಗು. ಹೊರಗಿನಿಂದ ಯಾರಾದರೂ ಅದನ್ನು ಒತ್ತಿದರೆ ತಾನೇ ಒಂದಿಷ್ಟು ವಿದ್ಯುತ್ ಹೊರಡಿಸುತ್ತದೆ; ಅದೇ ನನ್ನ ಕಿವಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮೊದಲು ನನ್ನನ್ನು ಕೊಂಡವರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯವರು. ಲ್ಯಾಪ್‌ಟಾಪಿನಷ್ಟು ದೊಡ್ಡ ಯಂತ್ರವೊಂದಕ್ಕೆ ನನ್ನನ್ನು ಜೋಡಿಸಿದರು. ಅಲ್ಲಿ ನಾನು ಕಂಡ ಮೊದಲ ಹೃದಯ ಯಾರದೆಂದು ನನಗೆ ಗೊತ್ತಿಲ್ಲ, ಹೆಸರು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಆದರೆ ಆ ದಿನ ನಾನು ಬೆರಗಾಗಿ ಹೋದೆ. ಎರಡು ತೆಳ್ಳನೆಯ ಕವಾಟಗಳು ಒಂದೇ ಸಮನೆ ತೆರೆದು ಮುಚ್ಚುತ್ತಿದ್ದವು. ಯಾರೂ ಹೇಳುವವರಿಲ್ಲ, ಕೇಳುವವರಿಲ್ಲ, ರಜೆಯಿಲ್ಲ. ಹುಟ್ಟುವ ಮೊದಲೇ ಶುರುವಾದ ಆ ಕೆಲಸ ಅರುವತ್ತು, ಎಪ್ಪತ್ತು ವರ್ಷ ಹಾಗೆಯೇ ನಡೆಯುತ್ತದಂತೆ. ಆಮೇಲೆ ಸಾವಿರಾರು ಹೃದಯಗಳನ್ನು ಕಂಡೆ. ಬೆರಗು ಮಾತ್ರ ಕಡಿಮೆಯಾಗಲಿಲ್ಲ.

ಎದೆ ಕೊಯ್ಯದೆ ಹೃದಯದ ಕವಾಟ ಬದಲಿಸುವುದನ್ನು ನೋಡಿದ್ದೂ ಅಲ್ಲಿಯೇ. ಎಂಬತ್ತು ದಾಟಿದ ಅಜ್ಜನೊಬ್ಬ ಮಲಗಿದ್ದ. ತೊಡೆಯ ರಕ್ತನಾಳದಲ್ಲಿ ಒಂದು ಸಣ್ಣ ಕೊಳವೆ ತೂರಿಸಿದರು. ಮಡಿಸಿಟ್ಟ ಹೊಸ ಕವಾಟ ಅದರೊಳಗಿಂದ ಏರಿ ಬಂದು, ಹಳೆಯದರ ಜಾಗದಲ್ಲಿ ಬಿಚ್ಚಿಕೊಂಡು ಕೂತಿತು. ಮರುದಿನ ಅಜ್ಜ ಎದ್ದು ಕೂತು ಇಡ್ಲಿಗೆ ಚಟ್ನಿ ಸಾಲದೆಂದು ಜಗಳ ತೆಗೆದ. ಇಷ್ಟೆಲ್ಲ ಮಾಡಬಲ್ಲ ಈ ಮನುಷ್ಯರು ನನ್ನನ್ನು ಮಾತ್ರ ಎರಡು ಸಲ ನೆಲಕ್ಕೆ ಬೀಳಿಸಿದರು. ಮೂರು ವರ್ಷವಾಗುವಷ್ಟರಲ್ಲಿ ನನಗಿಂತ ಹೊಸ ಯಂತ್ರ ಬಂತು. ನನ್ನನ್ನೂ ನನ್ನ ಜೊತೆಗಾರ ಯಂತ್ರವನ್ನೂ ಪೆಟ್ಟಿಗೆಗೆ ತುಂಬಿ ಗದಗಕ್ಕೆ ಕಳಿಸಿದರು.

ಗದಗದಲ್ಲಿ ಡಾಕ್ಟರ್ ವಾದಿರಾಜ ಕಟ್ಟಿ ಎಂಬವರು ಹೃದಯದ ಬಗ್ಗೆ ಒಂದು ಅಧ್ಯಯನ ನಡೆಸುತ್ತಿದ್ದರು. ಮೈಯಲ್ಲಿ ಯಾವ ತೊಂದರೆಯೂ ಇಲ್ಲವೆಂದು ಓಡಾಡಿಕೊಂಡಿರುವ ಜನರಲ್ಲಿ ಮುಂದೆ ಯಾರ ಹೃದಯಕ್ಕೆ ಅಪಾಯವಿದೆ ಎಂದು ಮೊದಲೇ ಕಂಡುಹಿಡಿಯುವುದು ಅವರ ಹಂಬಲ. ನಲವತ್ತು ದಾಟಿದ ಆರುನೂರು ಜನರನ್ನು ಆರಿಸಿದ್ದರು. ವಯಸ್ಸು, ಬಿಪಿ, ಸಕ್ಕರೆ, ಬೀಡಿ, ತಂದೆ ತಾಯಿಗೆ ಹೃದಯದ ಕಾಯಿಲೆ ಇತ್ತೇ ಎಂಬ ಪ್ರಶ್ನೆ, ಇವೆಲ್ಲ ಹಾಕಿದರೆ ಕಂಪ್ಯೂಟರು ಹಸಿರು, ಹಳದಿ, ಕೆಂಪು ಎಂದು ಮೂರರಲ್ಲಿ ಒಂದು ಬಣ್ಣದ ಹಾಳೆ ಕೊಡುತ್ತಿತ್ತು. ಆಮೇಲೆ ನನ್ನ ಸರದಿ. ಒಬ್ಬೊಬ್ಬರಿಗೂ ನಾಲ್ಕು ಕಡೆಯಿಂದ ನಾಲ್ಕು ಚಿತ್ರ. ಅವನ್ನು ಓದಿ ಅಳತೆ ಹೇಳುವುದಕ್ಕೂ ಒಂದು ಹೊಸ ತಂತ್ರಾಂಶ ತಂದಿದ್ದರು. ಚಿತ್ರ ಸಿಗದಿದ್ದರೆ ಅದು ಆ ಚೌಕವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಿತ್ತು.

ನನ್ನನ್ನು ಹಿಡಿಯುತ್ತಿದ್ದವಳು ಮೆಹರುನ್ನೀಸಾ ನದಾಫ. ಎಲ್ಲರಿಗೂ ಮೆಹರು. ಅವಳ ಕೈಗೆ ಬಂದ ಮೇಲೆ ನಾನು ಒಮ್ಮೆಯೂ ಬೀಳಲಿಲ್ಲ. ಎದೆಗೆ ಹಚ್ಚುವ ಜೆಲ್ ತಣ್ಣಗೆ ಕೊರೆಯುತ್ತದೆಂದು ಅದರ ಬಾಟಲಿಯನ್ನು ಬಿಸಿನೀರಿನ ತಂಬಿಗೆಯಲ್ಲಿ ಇಟ್ಟಿರುತ್ತಿದ್ದಳು. ಎದುರಿಗಿದ್ದವರು ಹೆದರಿದ್ದರೆ ಅವರ ಮನೆಯ ಅಡುಗೆ ಕೇಳುತ್ತಿದ್ದಳು. ಬದನೆಕಾಯಿ ಎಣಗಾಯಿಗೆ ಎಷ್ಟು ಗುರೆಳ್ಳು ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಚಿತ್ರ ಮುಗಿದಿರುತ್ತಿದ್ದವು. ಅಷ್ಟು ಒಳ್ಳೆಯ ಕೈಯಿಂದಲೇ ಒಂದು ತಪ್ಪಾಯಿತು.

ಬೆಟಗೇರಿಯ ನೇಕಾರರ ಸಮುದಾಯ ಭವನದಲ್ಲಿ ಶಿಬಿರ. ಗುರುಶಾಂತವ್ವ ಎಂಬ ಐವತ್ತೆರಡರ ಹೆಂಗಸು ಬಂದಳು. ಮೂವತ್ತೈದು ವರ್ಷದಿಂದ ಕುಣಿಮಗ್ಗದಲ್ಲಿ, ನೆಲದ ಕುಣಿಗೆ ಕಾಲಿಳಿಸಿ ಕೂತು, ಸೀರೆ ನೇಯುವವಳು. ಬಿಪಿ ಸರಿಯಿತ್ತು, ಸಕ್ಕರೆ ಇರಲಿಲ್ಲ, ತಂದೆ ತಾಯಿ ಇಬ್ಬರೂ ಎಂಬತ್ತು ದಾಟಿ ಹೋದವರು. ಹಾಳೆ ಹಸಿರು ಬಂತು. ಎಡಮಗ್ಗುಲಿಗೆ ಮಲಗಿದಳು. ಅವಳ ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. ಮಲಗಿದ ಕೂಡಲೇ ಕರಡಿಗೆ ಜಾರಿ, ಎದೆಯ ಎಡಗಡೆ ನಾನು ಮೂತಿಯಿಡಬೇಕಾದ ಮೊದಲ ಜಾಗದ ಮೇಲೆಯೇ ಬಂದು ಕೂತಿತು.

ಮೆಹರುವಿನ ಕೈ ಗಾಳಿಯಲ್ಲಿ ನಿಂತಿತು. ಆ ಲಿಂಗವನ್ನು ಮೈಯಿಂದ ಬೇರೆ ಮಾಡಬಾರದು ಎಂದು ಅವಳಿಗೆ ಗೊತ್ತು. ತಾನು ಮುಟ್ಟಬಹುದೇ ಎಂದು ಗೊತ್ತಿಲ್ಲ. ಸರಿಸಿಕೊಳ್ಳಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಜೆಲ್ ಮೆತ್ತಿದ ನನ್ನನ್ನು ಅದಕ್ಕೆ ತಗುಲಿಸುವುದಂತೂ ದೂರದ ಮಾತು. ಮೊದಲ ಚಿತ್ರವನ್ನು ಬಿಟ್ಟು, ಪಕ್ಕೆಯ ಕೆಳಗಿನಿಂದ ಉಳಿದ ಮೂರು ತೆಗೆದಳು. ಚಿತ್ರ ಸ್ಪಷ್ಟವಿಲ್ಲ ಎಂದು ಬರೆದಳು. ಅದು ಅಂದು ಮೊದಲ ಸಲವೇನೂ ಆಗಿರಲಿಲ್ಲ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕೆಳಗಿನಿಂದ ಕಿವಿಗೊಟ್ಟಾಗ, ಹೃದಯದಿಂದ ಹೊರಗೆ ಹೋದ ರಕ್ತ ಎಳೆಯಷ್ಟು ಹಿಂದಕ್ಕೆ ಸೋರುವುದು ಕೇಳಿಸಿತ್ತು. ಆ ಕವಾಟದಾಚೆ ಏನೋ ಆಗಿದೆ, ಅಲ್ಲಿಗೆ ನನ್ನನ್ನು ಒಯ್ಯಿರಿ ಎಂದು ಹೇಳಬೇಕೆನಿಸಿತು. ಹೇಳುವ ಬಾಯಿ ನನಗಿಲ್ಲ. ಗುರುಶಾಂತವ್ವ ಹಸಿರು ಹಾಳೆಯನ್ನು ಸೆರಗಿನೊಳಗೆ ಇಟ್ಟುಕೊಂಡು ನಗುನಗುತ್ತಾ ಮನೆಗೆ ಹೋದಳು.

ಹನ್ನೆರಡು ದಿನ ಕಳೆಯಿತು. ಒಂದು ಬೆಳಿಗ್ಗೆ ಕಟ್ಟಿ ಡಾಕ್ಟರು ಹಸಿರು ಹಾಳೆಯವರ ಎಕೋ ಫಲಿತಾಂಶ ನೋಡುತ್ತಿದ್ದವರು ತಟ್ಟನೆ ನಿಂತರು.

"ಮೆಹರು, ಸ್ವಲ್ಪ ಇಲ್ಲಿ ಬರ್ರಿ. ಈ ಗುರುಶಾಂತವ್ವಗ ಕವಾಟ ಸೋರತೈತಿ ಅಂತ ಕಂಪ್ಯೂಟರ್ ಹೇಳೇತಿ. ಯಾಕ ಅಂತ ನೋಡೂಣಂದ್ರ ಮೊದಲನೇ ಚಿತ್ರನ ಇಲ್ಲಲ್ಲ? ದೊಡ್ಡ ರಕ್ತನಾಳ ಕಾಣೂದ ಅದರಾಗ."

ಮೆಹರು ಪರದೆ ನೋಡಿದಳು. ಮೊದಲ ಚೌಕ ಖಾಲಿಯಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದು ನೋಡಿದಳು. ಆರುನೂರರಲ್ಲಿ ಇಪ್ಪತ್ಮೂರು. ಒಬ್ಬೊಬ್ಬರ ಮುಖವೂ ಅವಳಿಗೆ ನೆನಪಿತ್ತು, ಕೊರಳಿನ ದಾರವೂ.

"ಸರ್, ಇವು ಚಿತ್ರ ಸಿಗದಕ್ಕ ಖಾಲಿ ಉಳದಿಲ್ರಿ. ನಾನ ಬಿಟ್ಟೇನ್ರಿ. ಎಲ್ಲಾರ ಎದಿಮ್ಯಾಲೂ ಲಿಂಗ ಇತ್ರಿ. ಸರಸ್ರಿ ಅನ್ನಾಕ ನಂಗ ಬಾಯಿ ಬರಲಿಲ್ಲ." ಅವಳ ಕಣ್ಣು ತುಂಬಿದ್ದವು.

ಡಾಕ್ಟರು ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖಾಲಿ ಚೌಕ ನೋಡಿ ನಾನೂ ಆರು ತಿಂಗಳು ಸುಮ್ಮನ ಕುಂತೀನಲ್ಲ ಮೆಹರು. ಈಗ ಅಳಬ್ಯಾಡ್ರಿ. ಮೊದಲ ಅಕೀ ಮನಿಗೆ ಹೋಗ್ರಿ. ಈಗಿಂದೀಗ."

ಆಟೋದಲ್ಲಿ ಮೆಹರು ನನ್ನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಎದೆಬಡಿತ ಪೆಟ್ಟಿಗೆಯ ಒಳಗೂ ಕೇಳುತ್ತಿತ್ತು. ಗುರುಶಾಂತವ್ವನ ಓಣಿಗೆ ತಿರುಗಿದಾಗ ಮಗ್ಗದ ಸದ್ದು ಕೇಳಿ ಅವಳು ಉಸಿರು ಬಿಟ್ಟಳು. ಮಗ್ಗ ನಡೆಯುತ್ತಿದೆಯೆಂದರೆ ಕೂತವಳು ಬದುಕಿದ್ದಾಳೆ.

"ಮತ್ಯಾಕ ಬಂದಿ ತಂಗಿ? ನಂದು ಹಸರ ಹಾಳಿ ಅಲ್ಲೇನು?" ಎಂದಳು ಗುರುಶಾಂತವ್ವ, ಕುಣಿಯಿಂದ ಏಳದೆಯೇ.

ಮೆಹರು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಿಮ್ಮ ಲಿಂಗಕ್ಕ ಕೈ ಹಚ್ಚಬಾರದಂತ ಒಂದು ಚಿತ್ರ ಬಿಟ್ಟಿದ್ದೆ ಅಕ್ಕಾರ. ಅದು ನನ್ನ ತಪ್ಪು."

ಗುರುಶಾಂತವ್ವ ಜೋರಾಗಿ ನಕ್ಕಳು. "ಅಯ್ಯ ಹುಚ್ಚಿ! ಒಂದ ಮಾತು ಹೇಳಿದ್ರ ನಾನ ಅಂಗೈಯಾಗ ಹಿಡಕೊಂತಿದ್ದೆ. ದಿನಾ ಮುಂಜಾನೆ ಪೂಜಾದಾಗ ಹಿಡ್ಯೂದ ಹಂಗ."

ಮಗ್ಗದ ಪಕ್ಕದ ಚಾಪೆಯ ಮೇಲೆ ಎಡಮಗ್ಗುಲಿಗೆ ಮಲಗಿದಳು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಖಾಲಿ ಕರಡಿಗೆಯನ್ನು ಭುಜದಾಚೆ ಸರಿಸಿ, ಮುಖದ ಹತ್ತಿರ ತಂದು, ಅದನ್ನೇ ನೋಡುತ್ತಾ ಸ್ತಬ್ಧಳಾದಳು. ಉಸಿರು ತಾನಾಗಿಯೇ ನಿಧಾನವಾಯಿತು. ನಾನು ಅಷ್ಟು ನಿಶ್ಚಲವಾದ ಎದೆಯ ಮೇಲೆ ಯಾವತ್ತೂ ಕೂತಿರಲಿಲ್ಲ. ನನ್ನ ಜನ್ಮದಲ್ಲೇ ಅತ್ಯಂತ ಸ್ಪಷ್ಟವಾದ ಚಿತ್ರ ಅಂದು ಪರದೆಯ ಮೇಲೆ ಮೂಡಿತು.

ಅದನ್ನು ಕಂಡು ನನಗೆ ಭಯವಾಯಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮೂರೂವರೆ ಸೆಂಟಿಮೀಟರಿನಷ್ಟು ಇರಬೇಕು. ಅವಳದು ಉಬ್ಬಿ ಐದೂಮುಕ್ಕಾಲು ಆಗಿತ್ತು. ಗೋಡೆ ಹಿಗ್ಗಿ ತೆಳುವಾಗಿತ್ತು. ಪ್ರತಿ ಬಡಿತಕ್ಕೂ ಅದು ಇನ್ನಷ್ಟು ಉಬ್ಬಿ ಮತ್ತೆ ಇಳಿಯುತ್ತಿತ್ತು. ಯಾವ ಬಡಿತಕ್ಕೆ ಹರಿಯುತ್ತದೋ ಹೇಳುವಂತಿರಲಿಲ್ಲ. ಮೆಹರು ಆ ಚಿತ್ರವನ್ನು ಉಳಿಸಿಟ್ಟು ಕೇಳಿದಳು.

"ಅಕ್ಕಾರ, ನಿಮ್ಮ ಮನ್ಯಾಗ ಯಾರಾರ ಒಮ್ಮಿಂದೊಮ್ಮೆಲೆ ಹೋಗ್ಯಾರೇನ್ರಿ?"

"ನಮ್ಮ ತಮ್ಮ ಹೋದ. ನಲವತ್ಮೂರಕ್ಕ. ಮಗ್ಗದ ಮ್ಯಾಲ ಕುಂತಾಂವ ಹಂಗ ವಾಲಿದ. ನಿಮ್ಮವರು ತಂದಿ ತಾಯಿನ್ನಷ್ಟ ಕೇಳಿದ್ರು. ತಮ್ಮನ್ನ ಯಾರೂ ಕೇಳಲಿಲ್ಲ."

ಶಸ್ತ್ರಚಿಕಿತ್ಸೆ ಎಂಬ ಮಾತು ಬಂದಾಗ ಗುರುಶಾಂತವ್ವ ಒಪ್ಪಲಿಲ್ಲ. ಎದೆ ಸೀಳುವುದಕ್ಕೆ ಅವಳು ಅಷ್ಟು ಹೆದರಲಿಲ್ಲ. ಎಚ್ಚರ ತಪ್ಪಿ ಮಲಗಿದಾಗ ಲಿಂಗವನ್ನು ಮೈಯಿಂದ ತೆಗೆದುಬಿಡುತ್ತಾರೆಂದು ಹೆದರಿದಳು. "ಲಿಂಗ ಬಿಟ್ಟು ಬದುಕೂದಕ್ಕಿಂತ ಹಿಂಗ ಹೋಗೂದ ಚಲೋ" ಎಂದುಬಿಟ್ಟಳು. ಮಗಳು ಅತ್ತಳು, ನೆರೆಯವರು ಬೈದರು. ಯಾರ ಮಾತೂ ನಡೆಯಲಿಲ್ಲ. ಆಗ ಮೆಹರು ಹುಬ್ಬಳ್ಳಿಯ ಶಸ್ತ್ರಚಿಕಿತ್ಸಕರ ಬಳಿಗೆ ತಾನೇ ಹೋದಳು. ಬೆಳ್ಳಿಯ ಕರಡಿಗೆ ಬೇಡ, ಲಿಂಗವನ್ನು ಶುದ್ಧವಾದ ಪಟ್ಟಿಯಲ್ಲಿ ಸುತ್ತಿ ಎಡ ಅಂಗೈಗೆ ಕಟ್ಟಿದರೆ ಆದೀತೇ ಎಂದು ಕೇಳಿದಳು. ಅವರು ಸ್ವಲ್ಪ ಯೋಚಿಸಿ, ಆಗಬಹುದು ಎಂದರು. ಕಟ್ಟುವಾಗ ತಾನು ಪಕ್ಕದಲ್ಲೇ ನಿಂತಿರುತ್ತೇನೆಂದು ಮೆಹರು ಮಾತು ಕೊಟ್ಟಳು.

ಗುರುಶಾಂತವ್ವ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. ಉಬ್ಬಿದ್ದನ್ನು ತೆಗೆದು ಅಲ್ಲಿ ಏನು ಹಾಕುತ್ತೀರಿ? ಶಸ್ತ್ರಚಿಕಿತ್ಸಕರು ತಾವು ಹಾಕುವುದರ ಒಂದು ತುಂಡನ್ನು ತಂದು ಕೈಗೆ ಕೊಟ್ಟರು. ಬಿಳಿಯ, ಸಣ್ಣ ಸಣ್ಣ ನಿರಿಗೆಯ ಕೊಳವೆ. ಅದು ನೇಯ್ದ ಬಟ್ಟೆ!

ಅವಳು ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದಳು. ಬೆಳಕಿಗೆ ಹಿಡಿದಳು. ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಉಗುರಿನಿಂದ ಎಣಿಸುವವಳ ಹಾಗೆ ನೋಡಿದಳು. ಮೂವತ್ತೈದು ವರ್ಷದಲ್ಲಿ ಎಷ್ಟು ಸೀರೆಗಳನ್ನು ಹಾಗೆ ನೋಡಿದ್ದಳೋ.

"ಯಾರು ನೇಯ್ದಾರೋ ಏನೋ, ಕೈ ಚಲೋ ಐತಿ" ಎಂದಳು. "ಹಾಕ್ರಿ."

ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರದ ಮೇಲೆ ನಾನು ಮತ್ತೆ ಅವಳ ಎದೆಗೆ ಮೂತಿಯಿಟ್ಟೆ. ಉಬ್ಬಿದ ರಕ್ತನಾಳ ಹೋಗಿ ಅಲ್ಲಿ ಎರಡು ನೇರ ಗೆರೆಗಳು ಹೊಳೆಯುತ್ತಿದ್ದವು. ಎಲ್ಲೋ ಯಾರೋ ನೇಯ್ದ ಬಟ್ಟೆಯೊಳಗೆ ಬೆಟಗೇರಿಯ ನೇಕಾರ್ತಿಯ ರಕ್ತ ಹರಿಯುತ್ತಿತ್ತು. ಕವಾಟ ಸೋರುತ್ತಿರಲಿಲ್ಲ. ಮನುಷ್ಯರಿಗೆ ಕೈ ಮುಗಿಯುವ ಅಭ್ಯಾಸವಿದೆ. ನನಗೆ ಕೈಗಳಿದ್ದರೆ ಅಂದು ಮುಗಿಯುತ್ತಿದ್ದೆ. ಆ ಇಪ್ಪತ್ಮೂರರಲ್ಲಿ ಉಳಿದ ಇಪ್ಪತ್ತೆರಡು ಜನರನ್ನೂ ಮೆಹರು ಹುಡುಕಿ ಹುಡುಕಿ ನೋಡಿದಳು. ಯಾರಿಗೂ ಏನೂ ಇರಲಿಲ್ಲ. ಅಧ್ಯಯನದ ಹಾಳೆಯಲ್ಲಿ ಎರಡು ಸಾಲು ಹೊಸದಾಗಿ ಸೇರಿದವು: ಒಡಹುಟ್ಟಿದವರ ಬಗ್ಗೆಯೂ ಕೇಳಿರಿ, ಎದೆಯ ಮೇಲೆ ಲಿಂಗವೋ ತಾಳಿಯೋ ತಾಯಿತವೋ ಇದ್ದರೆ ಅವರೇ ಕೈಯಲ್ಲಿ ಹಿಡಿದುಕೊಳ್ಳಲಿ, ಕೇಳಲು ನಾಚಬೇಡಿ.

ಈಗ ನನಗೆ ವಯಸ್ಸಾಗಿದೆ. ಸ್ಫಟಿಕಗಳು ಒಂದೊಂದಾಗಿ ಸತ್ತವು. ಚಿತ್ರದಲ್ಲಿ ಕಪ್ಪು ಪಟ್ಟೆಗಳು ಬರತೊಡಗಿದವು. ವೈರಿನ ಸಿಪ್ಪೆ ಒಡೆಯಿತು. ಹೊಸ ಪ್ರೋಬ್ ಬಂದ ದಿನ ನನ್ನನ್ನು ಹಳೆಯ ಸಾಮಾನಿನ ಡಬ್ಬಕ್ಕೆ ಹಾಕಬೇಕಿತ್ತು. ಮೆಹರು ಹಾಕಲಿಲ್ಲ. ತನ್ನ ಮೇಜಿನ ಖಾನೆಯಲ್ಲಿ ಮಲಗಿಸಿದಳು. ಅಲ್ಲಿ ಕತ್ತಲೆ, ತಣ್ಣಗಿರುತ್ತದೆ.

ಮೊನ್ನೆ ಗುರುಶಾಂತವ್ವ ವರ್ಷದ ತಪಾಸಣೆಗೆ ಬಂದಿದ್ದಳು. ಮಗ್ಗ ಮತ್ತೆ ಶುರುವಾಗಿದೆಯಂತೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಹೊಸ ಪ್ರೋಬ್ ಅವಳನ್ನು ನೋಡಿ, ಎಲ್ಲ ಸರಿಯಿದೆಯೆಂದಿತು. ಎದ್ದು ಕೂತು ರವಿಕೆ ಸರಿಮಾಡಿಕೊಳ್ಳುತ್ತಾ ಅವಳು ಕೇಳಿದಳು: "ಅವತ್ತು ನಮ್ಮನಿಗೆ ಬಂದು ನನ್ನ ನೋಡಿದ್ದು ಇದಲ್ಲಲ್ಲ ತಂಗಿ. ಅದೆಲ್ಲೈತಿ?"

ಮೆಹರು ಖಾನೆ ಎಳೆದು ನನ್ನನ್ನು ಅವಳಿಗೆ ಕೊಟ್ಟಳು.

ಗುರುಶಾಂತವ್ವ ನನ್ನನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಮೂತಿಯ ಮೇಲೆ ಹೆಬ್ಬೆರಳು ಒತ್ತಿ, ಲಾಳಿ ಹಿಡಿದು ಹಿಡಿದು ದಡ್ಡುಗಟ್ಟಿದ ಆ ಬೆರಳಿನಿಂದ ಮೆಲ್ಲಗೆ ಸವರಿದಳು. ಅವಳ ಬೆರಳ ತುದಿಯಲ್ಲಿ ನಾಡಿ ಮಿಡಿಯುತ್ತಿತ್ತು. ಒತ್ತಿದರೆ ನನ್ನ ಸ್ಫಟಿಕ ವಿದ್ಯುತ್ ಹೊರಡಿಸುತ್ತದೆ ಎಂದು ಆಗಲೇ ಹೇಳಿದ್ದೆನಲ್ಲ? ಸಾಯದೆ ಉಳಿದಿದ್ದ ನಾಲ್ಕೈದು ಸ್ಫಟಿಕಗಳು ಒಂದೊಂದು ಮಿಡಿತಕ್ಕೂ ಸಣ್ಣಗೆ ಎಚ್ಚರಗೊಂಡವು. ಯಾವ ಯಂತ್ರಕ್ಕೂ ನನ್ನನ್ನು ಜೋಡಿಸಿರಲಿಲ್ಲ, ಯಾವ ಪರದೆಯೂ ಅದನ್ನು ತೋರಿಸಲಿಲ್ಲ. ಆದರೂ ನಾನು ಕೇಳಿದೆ. ಅವಳ ಹೃದಯ ಚೆನ್ನಾಗಿ ನಡೆಯುತ್ತಿತ್ತು.