ಕಾವಲಿನ ಮರ

ಮರದಲ್ಲಿ ಒಂದು ಕಾಯಿಯೂ ಇರಲಿಲ್ಲ. ಹೆಗಲಿನ ಕ್ಯಾಮೆರಾ ಚೀಲವನ್ನು ಇಳಿಸುವುದನ್ನೂ ಮರೆತು ನಾಹಿದ್ ಬುಡದಲ್ಲಿ ನಿಂತು ಮೇಲೆ ನೋಡಿದಳು. ನಿನ್ನೆ ಸಂಜೆ ಭಾರಕ್ಕೆ ಬಾಗಿ ನಿಂತಿದ್ದ ಕೊಂಬೆಗಳು ಹಗುರಾಗಿ ಮೇಲಕ್ಕೆದ್ದಿದ್ದವು. ತೊಟ್ಟು ಮುರಿದ ಕಡೆಯೆಲ್ಲ ಸೊನೆ ಇನ್ನೂ ಹಸಿಯಾಗಿತ್ತು.

"ನೋಡ್ರಮ್ಮಾ, ಒಂದೂ ಕೆಳಕ್ಕೆ ಬೀಳಿಸಿಲ್ಲ," ಎನ್ನುತ್ತಾ ಕಾವಲುಗಾರ ಅಶ್ವತ್ಥಪ್ಪ ಗುಡಿಸಲಿನ ಕಡೆಯಿಂದ ಬಂದ. ತಲೆಗೆ ಸುತ್ತಿದ್ದ ಟವೆಲಿನ ಮೇಲೆ ಮಾವಿನೆಲೆಯ ಚೂರುಗಳಿದ್ದವು. "ಮಬ್ಬುಗತ್ತಲಲ್ಲೇ ಎದ್ದು ದೋಟಿ ಹಿಡ್ಕೊಂಡೆ. ನಾಕು ಕ್ರೇಟು. ಹುಲ್ಲು ಹಾಸಿ ಕಟ್ಟಿಟ್ಟಿದ್ದೀನಿ. ಇವತ್ತು ಮುಗಿಸ್ಕೊಂಡು ಹೊರಟು ಬಿಡ್ತೀವಿ ಅಂದ್ರಲ್ಲ ನೀವು? ಆಸ್ಪತ್ರೆಗೆ ಹೋಗೋ ಸಾಹೇಬ್ರನ್ನ ಬರಿಗೈಲಿ ಕಳಿಸ್ತೀನಾ?"

ಕಾಯಿ ಮರದಲ್ಲೇ ಇರಲಿ ಎಂದು ನಾಹಿದ್ ಅವನಿಗೆ ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೂ ಇರಲಿಲ್ಲ.

ಶ್ರೀನಿವಾಸಪುರದ ಸುತ್ತ ತೋಟಗಳೆಲ್ಲ ಖಾಲಿಯಾಗಿ ಹದಿನೈದು ದಿನ ಕಳೆದಿತ್ತು. ಈ ನೀಲಂ ಮಾವಿನ ಮರವೊಂದು ಉಳಿದಿದ್ದು ಅದು ಕಾವಲಿನ ಮರ ಎಂಬ ಕಾರಣಕ್ಕೆ. ಫಸಲನ್ನು ಗುತ್ತಿಗೆ ಹಿಡಿದವರು ಕಾವಲುಗಾರನ ಪಾಲಿಗೆಂದು ತೋಟದಲ್ಲಿ ಒಂದು ಮರ ಬಿಡುತ್ತಾರೆ. ಮೂವತ್ತು ವರ್ಷದ ಹಿಂದೆ ಈ ಮರವನ್ನು ಅಶ್ವತ್ಥಪ್ಪನಿಗೆ ಬಿಟ್ಟವರು ಆಗ ಗುತ್ತಿಗೆ ಹಿಡಿದಿದ್ದ ಅವಳ ಅಬ್ಬಾ, ಲಿಯಾಖತ್ ಸಾಹೇಬರು. ಆಮೇಲೆ ಫಸಲು ಹಿಡಿದವರ್‍ಯಾರೂ ಅದನ್ನು ಮುಟ್ಟಿರಲಿಲ್ಲ. ಅವನ ಇಡೀ ವರ್ಷದ ಹಣ್ಣು ಈಗ ನಾಲ್ಕು ಕ್ರೇಟಿನಲ್ಲಿ ಅವರಿಗಾಗಿ ಕಾದು ಕುಳಿತಿತ್ತು.

ಕಾಲೇಜಿನ ಕೊನೆಯ ವರ್ಷಕ್ಕೆಂದು ನಾಹಿದ್ ತೆಗೆಯುತ್ತಿದ್ದ ಚಿತ್ರ ಎಂಟೇ ನಿಮಿಷದ್ದು. ಅಬ್ಬಾ ಮರದ ಸುತ್ತ ಒಂದು ಸುತ್ತು ಹಾಕಬೇಕು, ತಲೆಯೆತ್ತಿ ಕಾಯಿ ನೋಡಬೇಕು, ಎಷ್ಟು ಕ್ರೇಟು ಇಳಿಯುತ್ತದೆಂದು ತೋಟದ ಆ ತುದಿಯಲ್ಲಿರುವ ಮಾಲೀಕನಿಗೆ ಕೇಳುವಂತೆ ಕೂಗಿ ಹೇಳಬೇಕು. ಅವರ ಆ ಕೂಗನ್ನು ಕೇಳಿಯೇ ಅವಳು ಬೆಳೆದಿದ್ದಳು. ಉಳಿದದ್ದೆಲ್ಲ ಚಿತ್ರೀಕರಣವಾಗಿತ್ತು. ಆ ಕೂಗೊಂದು ಬಾಕಿ. ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಅಬ್ಬಾಗೆ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಈಗಲೂ ಬೆಳಿಗ್ಗೆ ಹತ್ತಿಪ್ಪತ್ತು ಮಾತಿಗಷ್ಟೇ ದನಿ ಇರುತ್ತಿತ್ತು, ಆಮೇಲೆ ಬರೀ ಗಾಳಿ. ನಿನ್ನೆ ಕೂಗಿನ ಸರದಿ ಬರುವ ಮೊದಲೇ ದನಿ ಮುಗಿದಿತ್ತು. ಅದಕ್ಕೇ ಇವತ್ತು ಎದ್ದಾಗಿನಿಂದ ಅವರು ತುಟಿ ಬಿಚ್ಚಿರಲಿಲ್ಲ. ಚಹಾ ಬೇಕೆಂಬುದನ್ನೂ ಕೈಸನ್ನೆಯಲ್ಲೇ ಕೇಳಿದ್ದರು.

"ಅಯ್ಯೋ ಅಶ್ವತ್ಥಪ್ಪಣ್ಣ, ನೀವು ಏನು ಮಾಡ್—"

ಪಕ್ಕದಲ್ಲೇ ನಿಂತಿದ್ದ ಅಬ್ಬಾ ಅವಳ ಮಣಿಕಟ್ಟು ಹಿಡಿದರು. ಬೇಡ ಎಂದು ತಲೆಯಾಡಿಸಿದರು.

ಅಶ್ವತ್ಥಪ್ಪ ಅದನ್ನು ಗಮನಿಸಲಿಲ್ಲ. "ಊರೊಳಕ್ಕೆ ಹೋಗಿ ಹಾಲು ತರ್ತೀನಿ. ಟೀ ಕುಡೀದೆ ಒಬ್ರೂ ಹೊರಡಂಗಿಲ್ಲ," ಎಂದು ಸೈಕಲ್ ಹತ್ತಿ ಹೋದ.

ಧ್ವನಿಗ್ರಹಣಕ್ಕೆ ಬಂದಿದ್ದ ಸಹಪಾಠಿ ಅನಿಲ್‌ಕುಮಾರ್ ಗಡಿಯಾರ ನೋಡಿಕೊಂಡ. ಕ್ಯಾಮೆರಾ, ರೆಕಾರ್ಡರು ಎರಡೂ ಕಾಲೇಜಿನವು. ಸಂಜೆಯೊಳಗೆ ಹಿಂದಿರುಗಿಸದಿದ್ದರೆ ನಾಳೆ ಚಿತ್ರೀಕರಣವಿರುವ ತಂಡ ಸುಮ್ಮನಿರುವುದಿಲ್ಲ. ಹನ್ನೆರಡರ ಬಸ್ಸನ್ನು ಅವನು ಹಿಡಿಯಲೇಬೇಕಿತ್ತು.

"ಕಾಯಿ ಕೊಂಬೆಗೆ ಕಟ್ಟೋಣ ಕಣೇ," ಎಂದ. "ಫ್ರೇಮಿಗೆ ಬರೋದು ಮೂರು ಕೊಂಬೆ. ಒಂದು ಐವತ್ತು ಕಾಯಿ ಇದ್ರೆ ಸಾಕು. ಹಂಗೆ ನೋಡ್ತಾ ನಿಂತ್ರೆ ಆಗುತ್ತಾ? ಬಾ!"

ಗುಡಿಸಲಿನ ಗೂಡಿನಲ್ಲಿ ಗೋಣಿ ಹೊಲಿಯುವ ದಾರ ಸಿಕ್ಕಿತು. ನಾಹಿದ್ ಕ್ರೇಟು ಬಿಚ್ಚಿದಳು. ಅಶ್ವತ್ಥಪ್ಪ ಒಂದೊಂದು ಕಾಯಿಯ ಸೊನೆಯನ್ನೂ ಬಟ್ಟೆಯಿಂದ ಒರೆಸಿ, ಒಂದಕ್ಕೊಂದು ತಾಗದಂತೆ ನಡುವೆ ಹುಲ್ಲು ತುರುಕಿದ್ದ. ಅವಳು ಆ ಹುಲ್ಲನ್ನೆಲ್ಲ ಕಿತ್ತು ಪಕ್ಕಕ್ಕೆ ಹಾಕಿದಳು. ಅನಿಲ್‌ಕುಮಾರ್ ಕೊಂಬೆ ಬಗ್ಗಿಸಿ ಹಿಡಿದ, ಅವಳು ತೊಟ್ಟಿಗೆ ಗಂಟು ಹಾಕಿದಳು. ಬೆರಳಿಗೆ ಅಂಟಿದ ಸೊನೆ ಉರಿಯತೊಡಗಿತು. ಅಬ್ಬಾ ಕಲ್ಲಿನ ಮೇಲೆ ಕುಳಿತು ದಾರವನ್ನು ಒಂದೇ ಅಳತೆಗೆ ಹಲ್ಲಿನಲ್ಲಿ ಕಡಿದು ಕೊಡುತ್ತಿದ್ದರು. ಹತ್ತೂವರೆಯ ಹೊತ್ತಿಗೆ ದೂರದಿಂದ ನೋಡಿದರೆ ಮರ ನಂಬುವಂತೆ ಕಾಣುತ್ತಿತ್ತು.

"ಇದೇನ್ರಮ್ಮಾ ಇದು!"

ಹಾಲಿನ ಕ್ಯಾನು ಹಿಡಿದು ಅಶ್ವತ್ಥಪ್ಪ ನಿಂತಿದ್ದ. ನಗುತ್ತಲೇ ಕೇಳಿದ್ದ. ಆದರೆ ತೆರೆದು ಬಿದ್ದಿದ್ದ ಕ್ರೇಟುಗಳನ್ನೂ ದಾರವನ್ನೂ ನೋಡುತ್ತ ಹೋದಂತೆ ಆ ನಗು ಮುಖದಿಂದ ಇಳಿಯಿತು.

"ಕಾಯಿ ಮರದಲ್ಲೇ ಇರ್ಬೇಕಿತ್ತಾ? ಅಯ್ಯೋ ದೇವುಡಾ... ನಾನು ಸಿನಿಮಾ ಕೆಡಿಸ್ಬಿಟ್ನಾ?" ಕ್ಯಾನನ್ನು ದಡಕ್ಕನೆ ನೆಲಕ್ಕಿಟ್ಟಾಗ ಹಾಲು ತುಳುಕಿತು. "ಸಾಹೇಬ್ರೇ, ಹೇಳಿ. ನನ್ನಿಂದ ಕೆಟ್ಟೋಯ್ತಾ?"

"ಲೇ ಅಶ್ವತ್ಥ," ಎಂದರು ಅಬ್ಬಾ.

ಅವತ್ತಿನ ಮೊದಲ ಮಾತು. ಒಡೆದಿದ್ದರೂ ಗಟ್ಟಿಯಾಗಿತ್ತು. "ನಕ್ಕೋ ಅಬ್ಬಾ, ಬೇಡ," ಎಂದಳು ನಾಹಿದ್.

ಅವರು ಅವಳತ್ತ ತಿರುಗಲಿಲ್ಲ. "ಸಿನಿಮಾ ವಿಷ್ಯ ನಿಂಗೇನ್ಲಾ ಗೊತ್ತು? ಮರದಲ್ಲಿರೋ ಕಾಯಿ ಎಲೆ ಮರೇಲಿ ಕ್ಯಾಮೆರಾಗೆ ಕಾಣಲ್ಲ. ಬೇಕಾದ ಕಡೆ ಹಿಂಗೆ ಕಟ್ಕೋಬೇಕು. ನೀನು ಬಿಡಿಸಿಡ್ದೇ ಇದ್ದಿದ್ರೆ ಇವರಿಬ್ರೂ ಮರ ಹತ್ತಿ ಸೊಂಟ ಮುರ್ಕೋತಿದ್ರು."

"ನಿಜವಾಗ್ಲೂನಾ?"

"ನಿಂಗ್ಯಾಕೆ ಸುಳ್ಳು ಹೇಳ್ಲಿ? ಒಂದು ವರ್ಷ ಕೋತಿಗಳು ತೋತಾಪುರಿಯೆಲ್ಲ ತಿಂದು ಹೋದ್ವಲ್ಲ, ನೀನು ಗೊರಕೆ ಹೊಡೀತಿದ್ದೆ... ಅವತ್ತು ಬೈದೆ. ಇವತ್ತು ಬೈತಿದ್ದೀನಾ?"

"ಅದು ಗೊರಕೆ ಅಲ್ಲ ಸಾಹೇಬ್ರೇ, ಜ್ವರ ಬಂದಿತ್ತು!" ಅಶ್ವತ್ಥಪ್ಪ ನಕ್ಕುಬಿಟ್ಟ. ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ. "ಮೂವತ್ತು ವರ್ಷ ಆದ್ರೂ ಬಿಡಲ್ವಲ್ಲ ನೀವು."

"ಚೆನ್ನಾಗಿ ಬಿಡಿಸಿದ್ದೀಯ," ಎಂದರು ಅಬ್ಬಾ. "ಒಂದಕ್ಕೂ ಏಟಿಲ್ಲ." ಕೊನೆಯ ಮಾತು ಬರೀ ಉಸಿರಾಗಿತ್ತು. ಅನಿಲ್‌ಕುಮಾರ್ ಚೀಲದ ಜಿಪ್ ಎಳೆದು ರೆಕಾರ್ಡರ್ ಹೊರತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆದರೂ ಅವರು ಚಿತ್ರೀಕರಣ ಮಾಡಿದರು. ಅಬ್ಬಾ ಸುತ್ತು ಹಾಕಿದರು. ತಲೆಯೆತ್ತಿ ಕೊಂಬೆಯಿಂದ ಕೊಂಬೆಗೆ ಕಣ್ಣು ಹಾಯಿಸಿದರು. ಎದೆ ಉಬ್ಬಿತು, ಕತ್ತಿನ ನರ ಬಿಗಿಯಿತು, ಬಾಯಿ ತೆರೆಯಿತು. ಏನೂ ಕೇಳಿಸಲಿಲ್ಲ. ಅಶ್ವತ್ಥಪ್ಪ ಬಿಸಿನೀರು ಕಾಯಿಸಿ ತಂದ. ಕುಡಿದು ಮತ್ತೊಮ್ಮೆ, ಇನ್ನೊಮ್ಮೆ. ಮೂರನೆಯ ಸಲ ಅನಿಲ್‌ಕುಮಾರ್ ಹೆಡ್‌ಫೋನ್ ಕಳಚಿ ಕುತ್ತಿಗೆಗೆ ಇಳಿಸಿಕೊಂಡ. ನಾಹಿದ್‌ಳ ಮುಖ ನೋಡಲಾರದೆ ವೈರುಗಳನ್ನು ಸುತ್ತತೊಡಗಿದ. "ಹನ್ನೊಂದೂ ಇಪ್ಪತ್ತು," ಎಂದ ಮೆಲ್ಲಗೆ.

ಅಬ್ಬಾ ಅವಳ ಬಳಿಗೆ ಬಂದು ತಲೆಯ ಮೇಲೆ ಕೈ ಇಡಲು ಹೋದರು. ಅವಳು ತಲೆಯನ್ನು ಪಕ್ಕಕ್ಕೆ ಸರಿಸಿದಳು. ಆ ಕೈ ಒಂದು ಕ್ಷಣ ಹಾಗೆಯೇ ಗಾಳಿಯಲ್ಲಿದ್ದು, ಕ್ಯಾಮೆರಾ ಚೀಲದ ಪಟ್ಟಿ ಹಿಡಿದು ಎತ್ತಿಕೊಂಡಿತು.

ಬಿಚ್ಚದೆ ಉಳಿದಿದ್ದ ಎರಡು ಕ್ರೇಟುಗಳನ್ನು ಅಶ್ವತ್ಥಪ್ಪ ಬಸ್ಸಿಗೆ ಬಿಡಲು ಬಂದಿದ್ದ ಆಟೋದ ಹಿಂದೆ ಇಟ್ಟು ಅಲುಗದಂತೆ ಹಗ್ಗ ಬಿಗಿದ. "ಹತ್ತು ದಿನಕ್ಕೆ ಹಣ್ಣಾಗ್ತವೆ. ಮೊದಲ್ನೇ ಹಣ್ಣು ಸಾಹೇಬ್ರೇ ತಿನ್ಬೇಕು, ಆಯ್ತಾ?" ಎಂದ. ಅಬ್ಬಾ ಆಯಿತೆಂದು ತಲೆಯಾಡಿಸಿದರು.

"ಚೆನ್ನಾಗಿ ಬಂತಾ ನಾಹಿದಮ್ಮಾ?"

ಅವಳು ಅವನ ಮುಖ ನೋಡಿದಳು. ಎಲೆಯ ಚೂರೊಂದು ಇನ್ನೂ ಟವೆಲಿಗೆ ಅಂಟಿಕೊಂಡಿತ್ತು.

"ಬಂತು ಅಶ್ವತ್ಥಪ್ಪಣ್ಣ."

"ಕಟ್ಟಿದ್ದು ಬಿಚ್ಚಿಬಿಡ್ಲಾ? ಇಲ್ಲಾ ಇನ್ನೊಂದ್ಸಲ ಬರ್ತೀರಾ?"

"ಇರ್ಲಿ ಬಿಡಿ," ಎಂದಳು.

ಆಟೋ ತೋಟದ ಬೇಲಿ ದಾಟಿ ತಿರುಗುವಾಗ ನಾಹಿದ್ ಹಿಂದೆ ನೋಡಿದಳು. ದಾರದ ತುದಿಯಲ್ಲಿ ಕಾಯಿಗಳು ಮೆಲ್ಲನೆ ಸುತ್ತುತ್ತಿದ್ದವು. ಎಲ್ಲಿಂದಲೋ ಗಿಣಿಗಳ ಹಿಂಡೊಂದು ಬಂದು ಮರದ ಮೇಲೆ ಇಳಿಯಿತು. ಅಶ್ವತ್ಥಪ್ಪ ದೋಟಿ ಎತ್ತಿಕೊಂಡು, ಹೋ ಹೋ ಎಂದು ಕೂಗುತ್ತ, ಅವುಗಳನ್ನು ಓಡಿಸತೊಡಗಿದ. ಆ ಕೂಗು ರಸ್ತೆಯವರೆಗೂ ಕೇಳಿಸುತ್ತಿತ್ತು.