ಮುಂದಿನ ಸೀಟಿನ ಗೆರೆ

ದೋಣಿ ಕಟ್ಟುವ ಕೆಲಸ ಮುಗಿಯುತ್ತಾ ಬಂದಂತೆಲ್ಲ ಅವಳ ಎದೆ ಭಾರವಾಗುತ್ತಿತ್ತು. ಯಾರಿಗೆ ಹೇಳಿದರೂ ನಕ್ಕಾರು ಎಂದು ತನ್ನೊಳಗೇ ಒಪ್ಪಿಕೊಂಡಿದ್ದಳು: ದೋಣಿ ನೀರಿಗಿಳಿಯುವ ದಿನ ಎಲ್ಲರ ಚಪ್ಪಲಿ, ಟವೆಲ್ ಕಾಯುತ್ತಾ ದಡದಲ್ಲಿ ನಿಲ್ಲುವವಳು ತಾನೇ.

ಹಾಗೆಂದು ಯಾರೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಕೆರೆಯ ಮೆಟ್ಟಿಲಲ್ಲಿ ಕಾಲು ಜಾರಿ, ಬೀದಿಯೆಲ್ಲ ಸೇರುವಂತೆ ಅತ್ತಿದ್ದಳು. ಅವಳಿಗೆ ನೀರಂದ್ರೆ ಆಗಲ್ಲ ಎಂಬ ಮಾತು ಅಂದಿನಿಂದ ಮನೆಯಲ್ಲಿ ಗೋಡೆಗೆ ಹೊಡೆದ ಮೊಳೆಯಾಗಿತ್ತು. ಆ ಹೆದರಿಕೆ ಎಂದೋ ಬಿಟ್ಟುಹೋಗಿತ್ತು. ಯಾರೂ ಕೇಳಲಿಲ್ಲ, ಇವಳೂ ಬಾಯಿಬಿಡಲಿಲ್ಲ. ಡಿಗ್ರಿ ಮುಗಿಸಿದರೂ ಮನೆಯವರಿಗೆ ಅವಳು ಮೌನಗೌರಿಯೇ.

ಕೈ ಮಾತ್ರ ಸುಮ್ಮನಿರಲಿಲ್ಲ. ಬಸ್ ಕಂಡಕ್ಟರಾಗಿ ನಿವೃತ್ತನಾದ ಅಪ್ಪ ಕಾರ್ ಶೆಡ್ಡಿನಲ್ಲಿ ತೆಳು ಮರಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ ದೋಣಿಯ ಮೈ ಕಟ್ಟಿದಾಗ, ಉಜ್ಜಿ ನಯಮಾಡಿದವಳು ಅವಳು. ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ ಎಪಾಕ್ಸಿ ಅಂಟು ಸವರುತ್ತಾ ಹೋದಂತೆ ಬಿಳಿ ಬಟ್ಟೆ ಕಣ್ಣೆದುರೇ ಮಾಯವಾಗಿ, ಮರದ ಗೆರೆಗಳು ಮಿಂಚುತ್ತಾ ಮೇಲೆದ್ದು ಬಂದಿದ್ದವು. ಅವತ್ತು ಅವಳಿಗೆ ಊಟದ ನೆನಪೇ ಆಗಲಿಲ್ಲ. ಅಪ್ಪ ಮಲಗಿದ ಮಧ್ಯಾಹ್ನಗಳಲ್ಲಿ ಖಾಲಿ ದೋಣಿಯೊಳಗೆ ಕೂತು, ಕಾಲು ಚಾಚಿ, ಪೊರಕೆ ಹಿಡಿದು ಹುಟ್ಟು ಹಾಕಿದ್ದೂ ಉಂಟು.

ಇವತ್ತು ಸೀಟು ಕೂರಿಸುವ ದಿನ. ಹಿಂದಿನ ಸೀಟು ಅಪ್ಪನದು, ಅದರಲ್ಲಿ ಚರ್ಚೆಯಿಲ್ಲ. ಮುಂದಿನದಕ್ಕೆ ಅಳತೆ ಕೊಡಲು ಭಾವ ಬಂದಿದ್ದರು. ಕೂರುವವರ ತೂಕ ನೋಡಿ ಸೀಟು ಹೊರುವ ಪಟ್ಟಿಗಳನ್ನು ಅಂಟಿಸಬೇಕು. ಭಾರದವರಾದರೆ ನಡುವಿನತ್ತ, ಹಗುರದವರಾದರೆ ಮೂತಿಯತ್ತ.

"ಮಾವ, ಮಂಡಿ ಗಡ್ಡಕ್ಕೆ ತಾಗ್ತಿದೆ," ಎಂದರು ದೋಣಿಯೊಳಗೆ ಕೂತಿದ್ದ ಭಾವ.

"ತಾಗ್ಲಿ ಬಿಡಿ, ಹಾಗಾದ್ರೂ ಆ ಗಡ್ಡ ಸವೆದುಹೋಗ್ಲಿ," ಎಂದಳು ಬಾಗಿಲಲ್ಲಿದ್ದ ಅಕ್ಕ.

"ಇನ್ನೂ ಚೂರು ಹಿಂದೆ ಸರೀರಿ ಅಳಿಯಂದ್ರೇ. ನನ್ನ ಬಸ್ಸಲ್ಲಾಗಿದ್ರೆ ನಿಮಗೆ ಎರಡು ಟಿಕೆಟ್ ಹರೀತಿದ್ದೆ."

"ಬೇರೆ ಯಾರೂ ಸಿಗ್ಲಿಲ್ವಾ ನಿಮಗೆ?"

"ಮತ್ಯಾರಿದ್ದಾರೆ? ನಿಮ್ಮತ್ತೆಗೆ ಸೊಂಟನೋವು, ಇವಳಿಗೆ ನೀರಂದ್ರೆ ಆಗಲ್ಲ." ಅಪ್ಪ ಪೆನ್ಸಿಲಿನಿಂದ ಗೆರೆ ಎಳೆದು, ಭಾವನನ್ನು ಕೈಹಿಡಿದು ಇಳಿಸಿಕೊಂಡ. "ಹ್ಞೂಂ, ಎಪಾಕ್ಸಿ ಕಲಸಮ್ಮ."

ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಲೋಟಕ್ಕೆ ರೆಸಿನ್ ಎರಡು ಪಾಲು, ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಒಂದು ಪಾಲು ಸುರಿದು ಕಡ್ಡಿಯಿಂದ ಕದಡಿದಳು. ಕಣ್ಣು ಗೆರೆಯ ಮೇಲೇ ಇತ್ತು. ಪೊರಕೆ ಹಿಡಿದು ತಾನು ಕೂರುತ್ತಿದ್ದ ಜಾಗ ಅದಕ್ಕಿಂತ ಒಂದು ಗೇಣು ಮುಂದೆ.

"ಪಟ್ಟಿ ನೆಟ್ಟಗೆ ಹಿಡ್ಕೊಳ್ಳಿ ಅಳಿಯಂದ್ರೇ," ಎಂದ ಅಪ್ಪ. "ಇದು ಒಮ್ಮೆ ಕಚ್ಚಿಕೊಂಡ್ರೆ ಬ್ರಹ್ಮ ಬಂದ್ರೂ ಅಲ್ಲಾಡಲ್ಲ. ತಾಮ್ಮ ಇಲ್ಲಿ."

ಅವಳ ಕೈ ಮುಂದೆ ಹೋಗಲಿಲ್ಲ. ಲೋಟ ಬಿಸಿಯಾಗುತ್ತಿರುವುದು ಗವಸಿನೊಳಗಿಂದಲೂ ಗೊತ್ತಾಗುತ್ತಿತ್ತು. ಹೀಗೇ ಹಿಡಿದು ನಿಂತರೆ ಒಳಗಿದ್ದದ್ದು ಕಲ್ಲಾಗುತ್ತದೆ.

"ಯಾಕೇ, ಕಲಸಿದ್ದು ಕೆಟ್ಟೋಯ್ತಾ?"

ಹೌದು ಎಂದುಬಿಟ್ಟರೆ ಸುಲಭವಿತ್ತು. ಇದನ್ನೆಸೆದು ಹೊಸದು ಕಲಸುವಷ್ಟು ಹೊತ್ತು ಮತ್ತೆ ಸುಮ್ಮನಿರಬಹುದಿತ್ತು. ಅಪ್ಪ, ಭಾವ, ಅಕ್ಕ ಮೂವರೂ ಅವಳನ್ನೇ ನೋಡುತ್ತಿದ್ದರು.

"ಕಲಸಿದ್ದು ಸರಿಯಾಗಿದೆ ಅಪ್ಪ," ಎಂದಳು. "ಮುಂದಿನ ಸೀಟಲ್ಲಿ ನಾನು ಕೂರಬೇಕು."