ಮಧುಶ್ರೀಯಷ್ಟೇ ಎತ್ತರ

ಮಲ್ಲೇಶ ಮಚ್ಚು ಎತ್ತಿಯೇ ಬಿಟ್ಟಿದ್ದ. ಗುಂಡಿ ತೆಗೆಯಲು ಎಳೆದ ಗೆರೆಗೆ ಸರಿಯಾಗಿ ಆ ಗಿಡ ಅಡ್ಡ ನಿಂತಿತ್ತು.

"ದೊಡ್ಡಮ್ಮ, ಕಡೀಲಾ?"

"ಕಡಿಯೋ, ಅದ್ನೇನು ಕೇಳ್ತೀಯ," ಎಂದಳು ಶಾಂತಕುಮಾರಿ, ತೆಂಗಿನ ಸಾಲಿನಾಚೆಯಿಂದಲೇ.

ಇಪ್ಪತ್ಮೂರು ವರ್ಷದಿಂದ ಅವಳು ತೋಟದ ಈ ಮೂಲೆಗೆ ಕಾಲಿಟ್ಟವಳಲ್ಲ. ಇವತ್ತು ಗಂಡ ತೋಂಟದಾರ್ಯನನ್ನು ಇಲ್ಲೇ, ಅವನ ಅಪ್ಪನ ಸಮಾಧಿಯ ಪಕ್ಕ ಮಣ್ಣು ಮಾಡುವುದಿತ್ತು. ಜಾಗಕ್ಕೆ ಒಪ್ಪಿಗೆ ಕೊಡು ಬಾ ಎಂದು ಮಲ್ಲೇಶನ ಅಪ್ಪ, ಅವಳ ಮೈದುನ ರೇಣುಕಪ್ರಸಾದ್ ಕರೆತಂದಿದ್ದ. ಅತ್ತ ಮನೆಯ ಜಗುಲಿಯಲ್ಲಿ ತೋಂಟದಾರ್ಯ ಹಣೆ ತುಂಬ ವಿಭೂತಿ ಬಳಿಸಿಕೊಂಡು ಗೋಡೆಗೊರಗಿ ಕೂತಿದ್ದ. ಬದುಕಿದ್ದಾಗಲೂ ಮಾತಾಡಿಸಿದರೆ ಹಾಗೇ ಕೂರುತ್ತಿದ್ದ ಮಹಾರಾಯ.

ಆ ಗಿಡವೆಂದರೆ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು. ಕೊಬ್ಬರಿಗೆ ಹಾಕಿದ ಕಾಯಿ ನೋಡಲು ಅಟ್ಟ ಹತ್ತಿದಾಗಲೆಲ್ಲ ಕಿಂಡಿಯಲ್ಲಿ ಅದೇ ಕಾಣುವುದು. ಒಂಟಿ ಕಾಂಡ, ಮೇಲೆ ದುಂಡನೆಯ ತಲೆ, ಹಸಿರಿಗಿಂತ ಬಿಳಿ, ಗುಲಾಬಿಯೇ ಹೆಚ್ಚಾದ ಎಲೆ. ಸಂಜೆಯ ಬೆಳಕಿನಲ್ಲಿ ಫ್ರಾಕು ಹಾಕಿದ ಮಗು ನಿಂತು ಮನೆಯ ಕಡೆಗೇ ನೋಡಿದ ಹಾಗೆ. ಒಂದು ವರ್ಷ ತಡೆದುಕೊಂಡು, ಕೊನೆಗೆ ಕಿಂಡಿಗೆ ಗೋಣಿಚೀಲ ಬಡಿಸಿದಳು. ಗೋಣಿಯ ಹಿಂದೆ ಅದು ನಿಂತೇ ಇದೆ ಎನ್ನುವುದನ್ನು ಮಾತ್ರ ಮರೆಯಲಾಗಲಿಲ್ಲ. ಕಡಿಸಿ ಎಂದು ಗಂಡನ ಹತ್ತಿರ ಗೋಗರೆದಳು, ಜಗಳವಾಡಿದಳು. "ನಾನು ಹೋದ್ಮೇಲೆ ಕಡಿಸ್ಕೊ," ಎಂದಿದ್ದ ಅವನು.

*

ಅರಳಗುಪ್ಪೆಯ ಅತ್ತೆಯ ಮನೆಯಿಂದ ಬಣ್ಣದೆಲೆ ದಾಸವಾಳದ ಕಡ್ಡಿ ತಂದು ಇಲ್ಲಿ ಚುಚ್ಚಿದವಳು ಮಗಳು ಮಧುಶ್ರೀ. ಆಗ ಅವಳಿಗೆ ಐದು ವರ್ಷ. ಅದು ಬುಡದಿಂದಲೇ ಹತ್ತು ಕವಲೊಡೆದು ಪೊದೆಯಾಗುವ ಜಾತಿ. ಮಗಳಿಗೆ ಮರವೇ ಬೇಕು. ತೋಂಟದಾರ್ಯ ಒಂದೇ ಕವಲು ಉಳಿಸಿ, ಅದನ್ನು ನಾರಿನ ಹುರಿಯಿಂದ ಗೂಟಕ್ಕೆ ಕಟ್ಟಿದ. ಪಕ್ಕದಲ್ಲಿ ಬಂದ ಚಿಗುರನ್ನೆಲ್ಲ ದಿನಾ ಚಿವುಟಿದ. ಬಣ್ಣ ಬಿಟ್ಟು ಬರೀ ಹಸಿರಾಗಿ ಬಂದ ರೆಂಬೆಯನ್ನೂ ಉಳಿಸಲಿಲ್ಲ.

ಮಗಳು ದಿನಾ ಅಳೆಯುವಳು. ಅಂಗೈಯನ್ನು ನೆತ್ತಿಯ ಮೇಲಿಟ್ಟು, ಹಾಗೇ ಗಿಡದ ಕಡೆಗೆ ಜಾರಿಸುವಳು.

"ನನ್ನಷ್ಟೇ ಇರ್ಬೇಕು ಅಪ್ಪಾ. ಜಾಸ್ತೀನೂ ಬ್ಯಾಡ, ಕಮ್ಮೀನೂ ಬ್ಯಾಡ."

ತನ್ನಷ್ಟೇ ಆದ ದಿನ ಅಪ್ಪನ ಕೈಯಿಂದ ಸುಳಿ ಚಿವುಟಿಸಿದಳು. ಅದೇ ಮಳೆಗಾಲದಲ್ಲಿ ಜ್ವರ ಬಂತು. ನಾಲ್ಕೇ ದಿನ. ಗಿಡದ ಬುಡದಲ್ಲೇ ಅವಳನ್ನು ಮಣ್ಣು ಮಾಡಿದರು. ಆಮೇಲೂ ಕತ್ತರಿ ಹಿಡಿದು ಅಲ್ಲಿಗೆ ಹೋಗುವುದನ್ನು ತೋಂಟದಾರ್ಯ ಒಂದು ದಿನವೂ ತಪ್ಪಿಸಲಿಲ್ಲ. ಸತ್ತ ಮಗುವನ್ನು ಅಷ್ಟೆತ್ತರಕ್ಕೇ ನಿಲ್ಲಿಸಿಕೊಂಡಿದ್ದಾನೆ ಎಂದು ಶಾಂತಕುಮಾರಿ ಒಳಗೊಳಗೇ ಅವನನ್ನು ಶಪಿಸುತ್ತಿದ್ದಳು.

*

ಮಲ್ಲೇಶ ಎತ್ತಿದ ಮಚ್ಚನ್ನು ಹಾಗೇ ಇಳಿಸಿದ. "ಇದೇನ್ ದೊಡ್ಡಮ್ಮ, ಕಾಂಡದ ತುಂಬ ಬರೀ ಗಂಟು! ಮಚ್ಚು ಕೂರೋ ಹಂಗೇ ಇಲ್ವಲ್ಲ."

ಅವಳು ಸಾಲು ದಾಟಿ ಬಂದಳು. ಸೊಂಟದೆತ್ತರಕ್ಕೆ ಒಂದು ಹಳೆಯ ಗಾಯದ ಗಂಟು. ಅದರ ಮೇಲೆ ಎರಡು ಬೆರಳಿಗೆ ಇನ್ನೊಂದು, ಮತ್ತೂ ಮೇಲೆ ಮತ್ತೊಂದು. ನೋಡುತ್ತ ನೋಡುತ್ತ ಅವಳ ಕಣ್ಣು ತನ್ನ ಮುಖದ ಮಟ್ಟಕ್ಕೆ ಬಂತು. ಗಿಡ ಮಗುವಿನಷ್ಟಿರಲಿಲ್ಲ.

ಗುದ್ದಲಿ ಊರಿ ನಿಂತಿದ್ದ ತೋಟದಾಳು ದುರ್ಗಯ್ಯ ಗಂಟಲು ಸರಿಮಾಡಿಕೊಂಡ. "ವರ್ಸ ವರ್ಸ ಮಗೀನ ಹುಟ್ಟಿದ್ ದಿನ ಒಂದ್ ಕುಡಿ ಎರಡ್ ಬೆಳ್ಳು ಮ್ಯಾಕ್ ಬುಡೋರು ಅಮ್ಮಾವ್ರೇ. ಆಮೇಲೆ ಸುಳಿ ಕತ್ರಿಸೋರು. ಹದ್ನೆಂಟು ತುಂಬಿದ್ ವರ್ಸ ನಿಲ್ಸುದ್ರು. ಸಾಕು ಕಣ್ಲಾ, ಮಗ ಇನ್ ಬೆಳಿಯಾಕಿಲ್ಲ ಅಂದ್ರು."

ಶಾಂತಕುಮಾರಿ ಗಂಟುಗಳನ್ನು ಮೊದಲಿನಿಂದ ಕಣ್ಣಲ್ಲೇ ಎಣಿಸಿದಳು. ಇಲ್ಲಿ ಅವನೊಬ್ಬನೇ ಮಗಳನ್ನು ಬೆಳೆಸಿದ್ದ. ತಾನು ಕಿಂಡಿಗೆ ಗೋಣಿ ಬಡಿಸಿ ಕೂತಿದ್ದಳು.

"ಹೊತ್ತಾಯ್ತು ಅತ್ತಿಗೆ," ಎಂದ ರೇಣುಕಪ್ರಸಾದ್. "ಅಣ್ಣನ್ನ ಅಪ್ಪಯ್ಯನ ಮಗ್ಗುಲಲ್ಲೇ ಕೂರಿಸ್ಬೇಕು. ಗಿಡ ತೆಗೀದೆ ಜಾಗ ಆಗಲ್ಲ."

"ಆ ಗೆರೆ ಅಳ್ಸಿ. ಗುಂಡಿ ಗಿಡದ ಈಚೆಗೆ ತೆಗೀರಿ, ಮಗಳ ಪಕ್ಕಕ್ಕೆ."

"ದೊಡ್ಡೋರ್ನ ಬಿಟ್ಟು ಮಗುವಿನ ಪಕ್ಕ ಕೂರಿಸ್ತಾರಾ ಅತ್ತಿಗೆ? ಜನ ಏನಂದಾರು!"

"ಇಷ್ಟು ವರ್ಷ ಅಲ್ಲೇ ಕೂತಿದ್ರಲ್ಲ. ಆಗ ಯಾವ ಜನ ಬಂದು ಕೇಳಿದ್ರು?"

ಮಲ್ಲೇಶ ಕಾಲಿನಿಂದ ಗೆರೆ ಒರೆಸಿದ. ದುರ್ಗಯ್ಯನ ಗುದ್ದಲಿ ಈಚೆಗೆ ಬಿತ್ತು.

ಗಾಳಿಯೇ ಇರಲಿಲ್ಲ. ತಣ್ಣಗಿನ ಎಲೆಯೊಂದು ಹಣೆಗೆ ತಾಗಿದಾಗ ಶಾಂತಕುಮಾರಿ ಹಿಂದೆ ಸರಿಯಲಿಲ್ಲ. ಅಂಗೈಯನ್ನು ನೆತ್ತಿಯ ಮೇಲಿಟ್ಟು, ಹಾಗೇ ಗಿಡದ ಕಡೆಗೆ ಜಾರಿಸಿದಳು. ಕೈ ಗುಲಾಬಿ ಎಲೆಗಳೊಳಗೆ ಹೋಗಿ ನಿಂತಿತು. ಗಿಡದ ನೆತ್ತಿ ಅವಳಿಗಿಂತ ನಾಲ್ಕು ಬೆರಳು ಮೇಲಿತ್ತು.